ಸ್ಕಿಜಾಯ್ಡ್ ವ್ಯಕ್ತಿತ್ವ ದೋಷ: ಮೂರು ಚೀಟಿಗಳಲ್ಲಿ ಮೂರು ಹೆಸರು ಬಂದಾಗ

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನವರು. ನಾನು ಅಕ್ಕ, ನನ್ನ ತಮ್ಮನಿಗೆ 31 ವರ್ಷ. ಡಿಪ್ಲೊಮಾ ಮುಗಿಸಿ, ಹಲವು ವರ್ಷಗಳಿಂದ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕಬ್ಬಿನ ಹಾಲಿನ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾನೆ. ಕೆಲಸದ ಬಗ್ಗೆ ದೂರಿಲ್ಲ; ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಪಾಳಿಯನ್ನೇ ಕೇಳಿ ಪಡೆಯುತ್ತಾನೆ. ಗೆಳೆಯರಿಲ್ಲ, ಮದುವೆ, ಜಾತ್ರೆಗಳಿಗೆ ಬರುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವಾಗ ಅವನು ನಸುಕಿನಲ್ಲೇ ಒಬ್ಬನೇ ಹೊಲಕ್ಕೆ ಹೋಗಿ, ನಾವೆಲ್ಲ ತಲುಪುವ ಹೊತ್ತಿಗೆ ದೂರದ ಮರದ ಕೆಳಗೆ ಕೂತಿರುತ್ತಾನೆ. ಹೊಗಳಿದರೂ ಬೈದರೂ ಮುಖದಲ್ಲಿ ಬದಲಾವಣೆ ಇಲ್ಲ. "ಸಣ್ಣಾಂವ ಇದ್ದಾಗಿಂದನೂ ಹಂಗ ಅದಾನ" ಎನ್ನುತ್ತಾಳೆ ಅವ್ವ. ಮದುವೆಯ ಮಾತು ಬಂದ ಮೇಲೆ ಮೂವರು ವೈದ್ಯರಿಗೆ ತೋರಿಸಿದೆವು. ಒಬ್ಬರ ಚೀಟಿಯಲ್ಲಿ "ಎಫ್ 60.1, ಸ್ಕಿಜಾಯ್ಡ್ ವ್ಯಕ್ತಿತ್ವ" ಎಂದಿದೆ. ಇನ್ನೊಬ್ಬರು "ಸ್ಕಿಜೋಫ್ರೇನಿಯಾ" ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಾತ್ರೆ ಕೊಟ್ಟರು. ರಾತ್ರಿ ಪಾಳಿಯಲ್ಲಿ ತೂಕಡಿಕೆ ಬರುತ್ತದೆಂದು ಅವನು ಅದನ್ನು ಬಿಟ್ಟ. ಮೂರನೆಯವರು ಆಟಿಸಂ ಇರಬಹುದು, ಮೊದಲಿನ ಹೆಸರು ಈಗಿನ ಹೊಸ ಪಟ್ಟಿಯಲ್ಲೇ ಇಲ್ಲ ಎಂದರು. ಸೋದರಮಾವ ಮಗಳನ್ನು ಕೊಡಲು ಸಿದ್ಧರಿದ್ದಾರೆ. ಮದುವೆಯಾದರೆ ಸರಿಹೋಗುತ್ತಾನೆ ಎಂಬುದು ಅವ್ವನ ನಂಬಿಕೆ. ಮೂರರಲ್ಲಿ ಯಾವುದು ಸರಿ? ಇದು ಮುಂದೆ ಸ್ಕಿಜೋಫ್ರೇನಿಯಾ ಆಗುತ್ತದೆಯೇ?

ಉತ್ತರ: ವ್ಯಕ್ತಿಯನ್ನು ಕಾಣದೆ, ಅವನೊಂದಿಗೆ ಮಾತನಾಡದೆ, ಪತ್ರವೊಂದರ ಆಧಾರದ ಮೇಲೆ ರೋಗನಿರ್ಣಯ ಮಾಡಲು ಬರುವುದಿಲ್ಲ, ಮಾಡಲೂಬಾರದು. ಆದ್ದರಿಂದ ನಿಮ್ಮ ತಮ್ಮನಿಗೆ ಇಂಥದೇ ಇದೆ ಎಂದು ನಾನು ಬರೆಯುವುದಿಲ್ಲ. ಮೂವರು ವೈದ್ಯರು ಯಾವ ದಾರಿಯಲ್ಲಿ ಯೋಚಿಸಿ ಮೂರು ಹೆಸರು ಬರೆದಿರಬಹುದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸಲು ಯಾವ ಮಾಹಿತಿ ಬೇಕು, ಹೊಸ ಪಟ್ಟಿಯಲ್ಲಿ ಆ ಹೆಸರು ಏಕಿಲ್ಲ ಎಂಬುದನ್ನು ವಿವರಿಸುತ್ತೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನಿಮ್ಮ ಪತ್ರದಲ್ಲಿ ಮೂರು ಚೀಟಿಗಳಿಗಿಂತ ಹೆಚ್ಚು ಉಪಯುಕ್ತವಾದ ಮಾಹಿತಿ ಅವ್ವನ ಬಾಯಿಂದ ಬಂದಿದೆ. ಈ ಸ್ವಭಾವ ಯಾವಾಗಿನಿಂದ ಇದೆ ಎಂಬ ಪ್ರಶ್ನೆಗೆ ಸಿಗುವ ಉತ್ತರದ ಮೇಲೆಯೇ ಈ ಇಡೀ ರೋಗನಿರ್ಣಯ ನಿಂತಿದೆ.

ಸ್ಕಿಜಾಯ್ಡ್ ಮತ್ತು ಸ್ಕಿಜೋಫ್ರೇನಿಯಾ ಎಂಬ ಹೆಸರುಗಳು ಅಕ್ಕಪಕ್ಕ ಬಂದಾಗ ಒಂದು ಇನ್ನೊಂದರ ಮೊದಲ ಹಂತವಿರಬೇಕು ಎಂದು ಮನೆಯವರು ಹೆದರುವುದು ಸಹಜ. ಈ ಹೆದರಿಕೆಗೆ ಇತಿಹಾಸವೂ ಕಾರಣ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಮುಂದಿಟ್ಟರು. ಹೊರಗಿನ ಜಗತ್ತಿಗಿಂತ ತನ್ನೊಳಗಿನ ಜಗತ್ತಿನ ಕಡೆಗೇ ಗಮನ ತಿರುಗಿಸಿಕೊಂಡ ಸ್ವಭಾವಕ್ಕೆ ಸ್ಕಿಜಾಯ್ಡ್ ಎಂಬ ಹೆಸರೂ ಆ ಬಳಗದಿಂದಲೇ ಬಂದಿತು. ಜರ್ಮನಿಯ ಅರ್ನ್ಸ್ಟ್ ಕ್ರೆಷ್ಮರ್ 1921ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸಾಮಾನ್ಯ ಅಂತರ್ಮುಖಿ ಸ್ವಭಾವ, ಸ್ಕಿಜಾಯ್ಡ್ ಸ್ವಭಾವ ಮತ್ತು ಸ್ಕಿಜೋಫ್ರೇನಿಯಾಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಅವುಗಳ ನಡುವೆ ಇರುವುದು ಪ್ರಮಾಣದ ವ್ಯತ್ಯಾಸ ಮಾತ್ರ ಎಂಬಂತೆ ವಿವರಿಸಿದರು. ಇಂದು ಈ ಸರಳ ಸಾಲನ್ನು ಹಾಗೆಯೇ ಒಪ್ಪುವವರು ಕಡಿಮೆ. ಆದರೂ ಕ್ರೆಷ್ಮರ್ ಕಂಡುಕೊಂಡ ಒಂದು ಸಂಗತಿಯನ್ನು ನಾನು ಅತ್ಯಂತ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ: ಹೊರಗೆ ತಣ್ಣಗೆ, ಭಾವವಿಲ್ಲದಂತೆ ಕಾಣುವ ಇವರಲ್ಲಿ ಅನೇಕರು ಒಳಗೆ ತೀರ ಸೂಕ್ಷ್ಮ ಮನಸ್ಸಿನವರಾಗಿರುತ್ತಾರೆ, ಅತಿಸೂಕ್ಷ್ಮತೆ ಮತ್ತು ನಿರ್ಲಿಪ್ತತೆ ಎರಡೂ ಒಬ್ಬನಲ್ಲೇ ಇರುತ್ತವೆ. ಮುಖ ನೋಡಿ ಮನಸ್ಸು ಅಳೆಯುವ ಅಭ್ಯಾಸ ಮನೆಯವರಲ್ಲೂ ಇದೆ, ವೈದ್ಯರಲ್ಲೂ ಇದೆ. ಹಾಗಾಗಿ ಆ ಮಾತನ್ನು ಇಬ್ಬರೂ ನೆನಪಿನಲ್ಲಿಡಬೇಕು.

ಅಮೆರಿಕನ್ ಮನೋವೈದ್ಯಕೀಯ ಸಂಘದ ಕೈಪಿಡಿಯಾದ ಡಿಎಸ್‌ಎಂನ 1952 ಮತ್ತು 1968ರ ಆವೃತ್ತಿಗಳಲ್ಲಿ ಸ್ಕಿಜಾಯ್ಡ್ ಎಂಬ ಒಂದೇ ಹೆಸರಿನಡಿ ನಾಚಿಕೆ ಸ್ವಭಾವದವರು, ವಿಚಿತ್ರ ವರ್ತನೆಯವರು, ಯಾರ ಒಡನಾಟವೂ ಬೇಡವೆನ್ನುವವರು ಎಲ್ಲರೂ ಸೇರಿಹೋಗಿದ್ದರು. 1980ರ ಮೂರನೆಯ ಆವೃತ್ತಿಯಲ್ಲಿ ಅದನ್ನು ಮೂರಾಗಿ ಒಡೆಯಲಾಯಿತು. ಆ ವಿಭಜನೆಯನ್ನು ನಿಮ್ಮ ಹೊಲದಲ್ಲೇ ನಿಂತು ನೋಡಬಹುದು. ಎಳ್ಳ ಅಮಾವಾಸ್ಯೆಯ ದಿನ ಬುತ್ತಿ ಬಿಚ್ಚಿ ಎಲ್ಲರೂ ಸಜ್ಜೆ ರೊಟ್ಟಿ, ಕಡುಬು ಹಂಚಿಕೊಂಡು ಉಣ್ಣುವಾಗ ಮೂವರು ಪಂಕ್ತಿಯಲ್ಲಿಲ್ಲ ಎಂದಿಟ್ಟುಕೊಳ್ಳಿ. ಮೊದಲನೆಯವನಿಗೆ ಬರುವ ಆಸೆ ಬೆಟ್ಟದಷ್ಟಿದೆ. ಆದರೆ ಬಂದರೆ ನಕ್ಕಾರು, ತನ್ನ ಮಾತು ತೊದಲೀತು, ತಾನು ಯಾರಿಗೂ ಬೇಕಾದವನಲ್ಲ ಎಂಬ ಅಂಜಿಕೆಯಿಂದ ಮನೆಯಲ್ಲೇ ಉಳಿದು ಇಡೀ ದಿನ ಸಂಕಟಪಡುತ್ತಾನೆ. ಇದು ಹಿಂಜರಿಕೆಯ ವ್ಯಕ್ತಿತ್ವ ದೋಷದ ಕಡೆಗೆ ಬೆರಳು ತೋರಿಸುತ್ತದೆ. ಎರಡನೆಯವನು ಅಲ್ಲಿ ಸೇರಿದವರೆಲ್ಲ ತನ್ನನ್ನೇ ಕುರಿತು ಮಾತಾಡುತ್ತಾರೆಂದು ಶಂಕಿಸುತ್ತಾನೆ, ಊರವರ ನಂಬಿಕೆಗಳನ್ನೂ ಮೀರಿದ ವಿಚಿತ್ರ ಅರ್ಥಗಳನ್ನು ಕಾಗೆ ಕೂತ ದಿಕ್ಕಿನಲ್ಲಿ, ಯಾರೋ ಕೆಮ್ಮಿದ್ದರಲ್ಲಿ ಕಾಣುತ್ತಾನೆ, ಅವನ ಮಾತಿನ ಜಾಡು ಹಿಡಿಯುವುದು ಕಷ್ಟ. ಇದು ಸ್ಕಿಜೋಟೈಪಲ್ ಎಂಬ ಪ್ರಕಾರ. ಮೂರನೆಯವನಿಗೆ ಅಂಜಿಕೆಯೂ ಇಲ್ಲ, ಶಂಕೆಯೂ ಇಲ್ಲ. ಕರೆಯದಿದ್ದರೆ ನೋವಿಲ್ಲ, ಕರೆದರೆ ಬಂದು ಉಂಡು ಮತ್ತೆ ಮರದ ಕೆಳಗೆ ಹೋಗುತ್ತಾನೆ, ಆ ಗದ್ದಲದಿಂದ ಅವನಿಗೆ ಸಿಗುವುದೇನೂ ಇಲ್ಲ. 1980ರ ನಂತರ ಸ್ಕಿಜಾಯ್ಡ್ ಎಂಬ ಹೆಸರು ಇವನಿಗೆ ಮಾತ್ರ ಉಳಿಯಿತು. ನೀವು ಕೊಟ್ಟ ಚಿತ್ರ ಮೂರನೆಯದನ್ನು ಹೋಲುತ್ತದೆ. ಆದರೆ ಮರದ ಕೆಳಗೆ ಕೂತಾಗ ಅವನ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಯಾರಾದರೂ ಅವನನ್ನು ಕೇಳಿದ್ದಾರೆಯೇ ಎಂಬುದು ಪತ್ರದಲ್ಲಿಲ್ಲ. ಕೇಳದೆ ಮೊದಲನೆಯದನ್ನು ಮೂರನೆಯದರಿಂದ ಬೇರ್ಪಡಿಸಲು ಆಗುವುದಿಲ್ಲ. ಹೊರಗಿನಿಂದ ಇಬ್ಬರೂ ಒಂದೇ ರೀತಿ ಕಾಣುತ್ತಾರೆ.

ಈಗ ಬಳಕೆಯಲ್ಲಿರುವ ಡಿಎಸ್‌ಎಂ-5 ಏಳು ಲಕ್ಷಣಗಳನ್ನು ಹೇಳಿ, ಅವುಗಳಲ್ಲಿ ಕನಿಷ್ಠ ನಾಲ್ಕು ಇರಬೇಕು, ಅವು ತಾರುಣ್ಯದ ಆರಂಭದ ಹೊತ್ತಿಗೆ ಕಾಣಿಸಿಕೊಂಡು ಬೇರೆ ಬೇರೆ ಸಂದರ್ಭಗಳಲ್ಲೂ ಮುಂದುವರಿದಿರಬೇಕು ಎನ್ನುತ್ತದೆ. ಕುಟುಂಬವೂ ಸೇರಿದಂತೆ ಯಾವುದೇ ಆಪ್ತ ಸಂಬಂಧವನ್ನು ಬಯಸದಿರುವುದು ಮತ್ತು ಅದರಲ್ಲಿ ಸುಖ ಕಾಣದಿರುವುದು. ಹೆಚ್ಚುಕಡಿಮೆ ಯಾವಾಗಲೂ ಒಬ್ಬನೇ ಮಾಡುವ ಕೆಲಸಗಳನ್ನೇ ಆರಿಸಿಕೊಳ್ಳುವುದು. ಇನ್ನೊಬ್ಬರೊಂದಿಗಿನ ಲೈಂಗಿಕ ಅನುಭವದಲ್ಲಿ ಆಸಕ್ತಿ ತೀರ ಕಡಿಮೆ ಇರುವುದು. ಸಂತೋಷ ಕೊಡುವ ಚಟುವಟಿಕೆಗಳು ಬೆರಳೆಣಿಕೆಯಷ್ಟೂ ಇಲ್ಲದಿರುವುದು. ತಂದೆತಾಯಿ, ಒಡಹುಟ್ಟಿದವರನ್ನು ಬಿಟ್ಟರೆ ಮನಸ್ಸು ಬಿಚ್ಚುವಂಥ ಗೆಳೆಯರಿಲ್ಲದಿರುವುದು. ಹೊಗಳಿಕೆ, ತೆಗಳಿಕೆಗಳಿಗೆ ಉದಾಸೀನನಂತೆ ತೋರುವುದು. ಭಾವನೆಗಳಲ್ಲಿ ತಣ್ಣಗಿರುವುದು, ದೂರವಿರುವುದು ಅಥವಾ ಮುಖಭಾವವೇ ಬದಲಾಗದಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-10ರಲ್ಲಿ ಎಫ್ 60.1 ಎಂಬ ಸಂಕೇತದಡಿ ಇವೇ ಬಹುತೇಕ ಇದ್ದು, ಪ್ರೀತಿಯನ್ನಾಗಲಿ ಕೋಪವನ್ನಾಗಲಿ ವ್ಯಕ್ತಪಡಿಸುವ ಶಕ್ತಿ ಕಡಿಮೆಯಿರುವುದು, ಕಲ್ಪನೆ ಮತ್ತು ಅಂತರಾವಲೋಕನೆಯಲ್ಲಿ ಅತಿಯಾಗಿ ಮುಳುಗಿರುವುದು, ಸಾಮಾಜಿಕ ರೂಢಿಗಳ ಅರಿವು ಇಲ್ಲದಂತೆ ನಡೆದುಕೊಳ್ಳುವುದು ಎಂಬ ಅಂಶಗಳು ಹೆಚ್ಚುವರಿಯಾಗಿವೆ. ನಮ್ಮ ಆಸ್ಪತ್ರೆಗಳ ಚೀಟಿಗಳಲ್ಲಿ ಇಂದಿಗೂ ಐಸಿಡಿ-10ರ ಸಂಕೇತಗಳು ಕಾಣಿಸುವುದರಿಂದ ನಿಮ್ಮ ಮೊದಲ ವೈದ್ಯರು ಹಾಗೆ ಬರೆದಿದ್ದಾರೆ.

ಪಟ್ಟಿ ಓದಿದ ಕೂಡಲೇ ನಾಲ್ಕಲ್ಲ, ಐದು ಹೊಂದುತ್ತವೆ ಎಂದು ನಿಮಗೆ ಅನ್ನಿಸಬಹುದು. ಇಲ್ಲೇ ತಡೆಯಬೇಕು. ಯಾವುದೇ ವ್ಯಕ್ತಿತ್ವ ದೋಷವನ್ನು ಹೇಳುವ ಮುನ್ನ ಈ ಪಟ್ಟಿಗಿಂತ ಹಿಂದೆ ದಾಟಬೇಕಾದ ಸಾಮಾನ್ಯ ಷರತ್ತುಗಳಿವೆ. ಆ ನಡವಳಿಕೆ ವ್ಯಕ್ತಿಯ ಸಮಾಜ ನಿರೀಕ್ಷಿಸುವುದಕ್ಕಿಂತ ಗಮನಾರ್ಹವಾಗಿ ಬೇರೆಯಾಗಿರಬೇಕು, ಬಗ್ಗದಂತೆ ಗಟ್ಟಿಯಾಗಿರಬೇಕು, ಬಹುಕಾಲದಿಂದ ಇರಬೇಕು, ಮತ್ತು ಅದರಿಂದ ಅವನಿಗೆ ಗಣನೀಯ ಸಂಕಟವೋ ಜೀವನ ನಡೆಸುವಲ್ಲಿ ಅಡಚಣೆಯೋ ಆಗುತ್ತಿರಬೇಕು. ನಿಮ್ಮ ತಮ್ಮ ವರ್ಷಗಳಿಂದ ಒಂದೇ ಕೆಲಸವನ್ನು ದೂರಿಲ್ಲದೆ ಮಾಡಿಕೊಂಡು ಬಂದಿದ್ದಾನೆ. ರಾತ್ರಿ ಪಾಳಿಯಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್, ಅಂದರೆ ಸಿಹಿಯ ಪ್ರಮಾಣ, ಅಳೆದು ಅಂಕಿ ಬರೆದಿಡುವ ಕೆಲಸಕ್ಕೆ ಗಮನ ಬೇಕು, ಕ್ರಮ ಬೇಕು, ಸಮಯಪಾಲನೆ ಬೇಕು. ಅದನ್ನು ಸರಿಯಾಗಿ ಮಾಡುತ್ತಿರುವವನ ವಿಷಯದಲ್ಲಿ ಅಡಚಣೆ ಎಲ್ಲಿದೆ ಎಂದು ವೈದ್ಯರು ಹುಡುಕಿ ತೋರಿಸಬೇಕು. ಜಾತ್ರೆಗೆ ಬಾರದಿರುವುದರಿಂದ ಮನೆಯವರಿಗೆ ಮುಜುಗರವಾಗುವುದು ಅವನ ಅಡಚಣೆಯ ಲೆಕ್ಕಕ್ಕೆ ಬರುವುದಿಲ್ಲ. ಕಾಯಿಲೆ ಬಿದ್ದಾಗಲೂ ಯಾರಿಗೂ ಹೇಳದಿರುವುದು, ಬಡ್ತಿ ಸಿಕ್ಕರೆ ನಾಲ್ಕು ಜನರನ್ನು ನೋಡಿಕೊಳ್ಳಬೇಕಾಗುತ್ತದೆಂದು ಅದನ್ನು ನಿರಾಕರಿಸುವುದು, ಒಳಗೆ ಎಲ್ಲವೂ ಬರಿದು ಎಂಬ ನೋವು ಇರುವುದು, ಇಂಥವು ಆ ಲೆಕ್ಕಕ್ಕೆ ಬರುತ್ತವೆ.

ಸಮಾಜದ ನಿರೀಕ್ಷೆ ಎಂಬ ಮಾತು ನಮ್ಮ ಭಾಗದಲ್ಲಿ ಇನ್ನಷ್ಟು ಎಚ್ಚರ ಬೇಡುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ದಾರಿಯಲ್ಲಿ ಸಿಕ್ಕವರನ್ನೆಲ್ಲ "ಚಾ ಆತೇನ್ರಿ" ಎಂದು ಮಾತನಾಡಿಸದೆ ಹೋದರೆ ಸೊಕ್ಕು ಎನ್ನುತ್ತಾರೆ. ಇಂಥ ಊರಿನಲ್ಲಿ ಸ್ವಲ್ಪ ಮೌನಿಯಾದವನೂ ಎದ್ದು ಕಾಣುತ್ತಾನೆ. ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ: ಹಳ್ಳಿ ಬಿಟ್ಟು ಪುಣೆ, ಬೆಂಗಳೂರಿನಂಥ ಊರಿಗೆ ಹೋದ ಹುಡುಗರು ಮೊದಲ ಕೆಲವು ತಿಂಗಳು ಕೋಣೆ ಬಿಟ್ಟು ಹೊರಬಾರದೆ, ಯಾರೊಂದಿಗೂ ಬೆರೆಯದೆ ಕಲ್ಲಿನಂತೆ ಇದ್ದುಬಿಡುವುದುಂಟು. ಅದನ್ನು ಸ್ಕಿಜಾಯ್ಡ್ ಎಂದು ತಪ್ಪಾಗಿ ಓದಬಾರದು ಎಂದು ಡಿಎಸ್‌ಎಂ ಸ್ವತಃ ಎಚ್ಚರಿಸುತ್ತದೆ. ನಮ್ಮ ದೇಶದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಮೂರನೆಯ ಕಲಮು ಇನ್ನೂ ಮುಂದೆ ಹೋಗಿ, ಒಬ್ಬನು ತನ್ನ ಸಮುದಾಯದ ನೈತಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ರೂಢಿಗಳಂತೆ ನಡೆಯುವುದಿಲ್ಲ ಎಂಬ ಕಾರಣಕ್ಕೆ ಅವನಿಗೆ ಮಾನಸಿಕ ಕಾಯಿಲೆ ಇದೆಯೆಂದು ತೀರ್ಮಾನಿಸುವಂತಿಲ್ಲ ಎಂದು ಹೇಳುತ್ತದೆ.

ಎರಡನೆಯ ವೈದ್ಯರ ಚೀಟಿಯ ಪ್ರಶ್ನಾರ್ಥಕ ಚಿಹ್ನೆಯನ್ನು ಗೌರವದಿಂದ ನೋಡಬೇಕು. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ದಶಕದ ನಡುವಿನವರೆಗೆ ಶುರುವಾಗುತ್ತದೆ. 31ರ ವಯಸ್ಸು ಅದರೊಳಗೇ ಬರುತ್ತದೆ. ಆ ಕಾಯಿಲೆಯಲ್ಲಿ ಇಲ್ಲದ ದನಿ ಕೇಳುವುದು, ಗಟ್ಟಿಯಾದ ಭ್ರಮೆಗಳು, ಅಸಂಬದ್ಧ ಮಾತು ಇವುಗಳ ಜೊತೆಗೆ ಮಾತು ಕಡಿಮೆಯಾಗುವುದು, ಮುಖದಲ್ಲಿ ಭಾವ ಮರೆಯಾಗುವುದು, ಜನರಿಂದ ದೂರ ಸರಿಯುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎಂಬ ಇನ್ನೊಂದು ಗುಂಪಿನ ಲಕ್ಷಣಗಳೂ ಇವೆ. ಈ ಎರಡನೆಯ ಗುಂಪು ಮೊದಲು ಕಾಣಿಸಿಕೊಂಡರೆ ಕೆಲವು ಕಾಲ ಅದು ಸ್ಕಿಜಾಯ್ಡ್ ಸ್ವಭಾವದಂತೆಯೇ ತೋರುತ್ತದೆ. ಎರಡನ್ನೂ ಬೇರ್ಪಡಿಸುವುದು ಕಾಲದ ಗೆರೆ. ಸ್ಕಿಜೋಫ್ರೇನಿಯಾದಲ್ಲಿ ಇಳಿಜಾರು ಇರುತ್ತದೆ: ಮೊದಲು ನಗುತ್ತಿದ್ದ, ಗೆಳೆಯರಿದ್ದ, ಕ್ರಿಕೆಟ್ ಆಡುತ್ತಿದ್ದ ಹುಡುಗ ಕ್ರಮೇಣ ಕೋಣೆ ಸೇರುತ್ತಾನೆ, ಸ್ನಾನ ಬಿಡುತ್ತಾನೆ, ಕೆಲಸದಲ್ಲಿ ತಪ್ಪುಗಳು ಹೆಚ್ಚುತ್ತವೆ, ನಿದ್ದೆ ಕೆಡುತ್ತದೆ, ಯಾರೋ ತನ್ನ ಹಿಂದೆ ಬಿದ್ದಿದ್ದಾರೆ ಎನ್ನುತ್ತಾನೆ, ಒಬ್ಬನೇ ಮಾತಾಡುತ್ತಾನೆ. ಸ್ಕಿಜಾಯ್ಡ್ ವ್ಯಕ್ತಿತ್ವದಲ್ಲಿ ಆ ಇಳಿಜಾರಿಲ್ಲ. ಹತ್ತನೆಯ ಇಯತ್ತೆಯಲ್ಲಿ ಇದ್ದಂತೆಯೇ ಮೂವತ್ತರಲ್ಲೂ ಇರುತ್ತಾನೆ. ಅವ್ವನ ಮಾತು ನಿಜವೇ ಆಗಿದ್ದರೆ ಅದು ಸ್ಕಿಜೋಫ್ರೇನಿಯಾದ ವಿರುದ್ಧ ವಾಲುತ್ತದೆ. ಆದರೆ ತಾಯಂದಿರು ನೆನಪಿಸಿಕೊಳ್ಳುವಾಗ ಇಂದಿನ ಮಗನನ್ನು ಹಿಂದಿನ ಮಗನ ಮೇಲೆ ಹಚ್ಚಿಬಿಡುವುದೂ ಇದೆ, ಆದ್ದರಿಂದ ಆ ಮಾತನ್ನು ಬೇರೆಯವರಿಂದ ತಾಳೆ ನೋಡಬೇಕು. ಹೈಸ್ಕೂಲಿನ ಮಾಸ್ತರರು, ಡಿಪ್ಲೊಮಾ ಕಲಿಯುವಾಗ ಒಂದೇ ಕೋಣೆಯಲ್ಲಿದ್ದವರು, ಕಾರ್ಖಾನೆಗೆ ಸೇರಿದ ಮೊದಲ ಹಂಗಾಮಿನಿಂದ ಅವನನ್ನು ಕಂಡ ಸಹೋದ್ಯೋಗಿ, ಇವರಲ್ಲಿ ಇಬ್ಬರನ್ನಾದರೂ ಕೇಳಬೇಕು. ಅದಕ್ಕೂ ಮೊದಲು ಅವನ ಒಪ್ಪಿಗೆ ಪಡೆಯಬೇಕು.

ಮುಂದೆ ಇದು ಸ್ಕಿಜೋಫ್ರೇನಿಯಾ ಆಗುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಹಾಗೆಂದು ಹೆದರಿ ಬದುಕುವ ಕಾರಣವಿಲ್ಲ. ಸ್ಕಿಜೋಫ್ರೇನಿಯಾ ಇರುವವರ ರಕ್ತಸಂಬಂಧಿಗಳಲ್ಲಿ ಸ್ಕಿಜಾಯ್ಡ್ ಮತ್ತು ಸ್ಕಿಜೋಟೈಪಲ್ ಲಕ್ಷಣಗಳು ಉಳಿದವರಿಗಿಂತ ಸ್ವಲ್ಪ ಹೆಚ್ಚು ಕಂಡುಬರಬಹುದು. ಆ ನಂಟು ಸ್ಕಿಜೋಟೈಪಲ್‌ಗೆ ಗಟ್ಟಿಯಾಗಿದೆ, ಸ್ಕಿಜಾಯ್ಡ್‌ಗೆ ಸಡಿಲವಾಗಿದೆ. ಕೆಲವರಲ್ಲಿ ಸ್ಕಿಜೋಫ್ರೇನಿಯಾ ಶುರುವಾಗುವುದಕ್ಕಿಂತ ಮೊದಲೇ ಇಂಥ ಸ್ವಭಾವ ಇದ್ದುದು ನಂತರ ತಿಳಿದುಬರುತ್ತದೆ, ಅಂಥ ಸಂದರ್ಭಕ್ಕೆ ಡಿಎಸ್‌ಎಂನಲ್ಲಿ "ಕಾಯಿಲೆಪೂರ್ವ" ಎಂದು ಸೇರಿಸಿ ಬರೆಯುವ ಅವಕಾಶವಿದೆ. ಆದರೆ ಸ್ಕಿಜಾಯ್ಡ್ ಸ್ವಭಾವದ ಬಹುಪಾಲು ಜನ ಆ ದಾರಿಗೆ ಹೋಗುವುದಿಲ್ಲ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಗಂಭೀರ ಮಾನಸಿಕ ಕಾಯಿಲೆ ಇತ್ತೇ ಎಂಬುದನ್ನು ಮರೆಮಾಚದೆ ವೈದ್ಯರಿಗೆ ಹೇಳಿ. ಬಿಟ್ಟ ಮಾತ್ರೆಯ ವಿಷಯದಲ್ಲಿ, ನೀವಾಗಿಯೇ ಅದನ್ನು ಮತ್ತೆ ಶುರು ಮಾಡಬೇಡಿ; ಯಾವ ಲಕ್ಷಣವನ್ನು ಕಂಡು ಕೊಟ್ಟಿರಿ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಭ್ರಮೆ ಅಥವಾ ದನಿ ಕೇಳುವ ಲಕ್ಷಣ ಕಂಡಿದ್ದರೆ ಮಾತ್ರೆ ಅಗತ್ಯ, ತೂಕಡಿಕೆ ಕಡಿಮೆ ಇರುವ ಬೇರೆ ಮಾತ್ರೆಗೆ ಅವರು ಬದಲಾಯಿಸಬಲ್ಲರು. ಸ್ಕಿಜಾಯ್ಡ್ ವ್ಯಕ್ತಿತ್ವಕ್ಕೆಂದೇ ಇರುವ ಔಷಧಿ ಯಾವುದೂ ಇಲ್ಲ.

ಮೂರನೆಯ ವೈದ್ಯರ ಅನುಮಾನಕ್ಕೂ ಬಲವಾದ ಹಿನ್ನೆಲೆ ಇದೆ. ಸೋವಿಯತ್ ಒಕ್ಕೂಟದ ಮನೋವೈದ್ಯೆ ಗ್ರುನ್ಯಾ ಸುಖರೇವಾ 1920ರ ದಶಕದ ನಡುವಿನಲ್ಲಿ ಕೆಲವು ಗಂಡುಮಕ್ಕಳನ್ನು ವಿವರವಾಗಿ ಗಮನಿಸಿ ಸ್ಕಿಜಾಯ್ಡ್ ಎಂಬ ಹೆಸರಿನಲ್ಲೇ ವರದಿ ಮಾಡಿದರು. ಆ ವಿವರಗಳನ್ನು ಈಗ ಓದಿದರೆ, ವಿಯೆನ್ನಾದ ಹಾನ್ಸ್ ಆಸ್ಪರ್ಗರ್ 1944ರಲ್ಲಿ ಬರೆದದ್ದಕ್ಕೂ ಮುನ್ನವೇ ಅವರು ಆಟಿಸಂ ಇರುವ ಮಕ್ಕಳನ್ನು ಕಂಡಿದ್ದರು ಎಂದು ಸ್ಪಷ್ಟವಾಗುತ್ತದೆ. ಎಡಿನ್‌ಬರ್ಗ್‌ನ ಸೂಲಾ ವುಲ್ಫ್ ಕೂಡ ಒಂಟಿಯಾಗಿರಲು ಬಯಸುವ ಮಕ್ಕಳನ್ನು ಸ್ಕಿಜಾಯ್ಡ್ ಎಂದೇ ಕರೆದು ಅವರು ದೊಡ್ಡವರಾಗುವವರೆಗೂ ಅನುಸರಿಸಿದರು. ಅವರಲ್ಲಿ ಹಲವರು ಇಂದಿನ ಲೆಕ್ಕದಲ್ಲಿ ಆಟಿಸಂನ ವ್ಯಾಪ್ತಿಗೆ ಬರಬಹುದು. ಹಾಗಾಗಿ ನಮ್ಮಲ್ಲಿ ಹಿಂದೆ ಸ್ಕಿಜಾಯ್ಡ್ ಎಂದು ಗುರುತಿಸಲಾದ ಕೆಲವರು ಬಾಲ್ಯದಲ್ಲಿ ಗಮನಕ್ಕೆ ಬಾರದ ಆಟಿಸಂ ಇರುವವರಾಗಿರುವುದು ಸಾಧ್ಯ. ಆಟಿಸಂ ಇದ್ದರೆ ಅದರ ಗುರುತು ಎಳೆಯ ವಯಸ್ಸಿನಲ್ಲೇ ಇರುತ್ತದೆ: ಮಾತು ತಡವಾಗಿ ಬಂದಿತೇ, ಹೆಸರು ಹಿಡಿದು ಕರೆದರೆ ತಿರುಗುತ್ತಿದ್ದನೇ, ಅಡುಗೆಯಾಟ, ಬಸ್ಸಿನಾಟಗಳಂಥ ಕಲ್ಪನೆಯ ಆಟ ಆಡುತ್ತಿದ್ದನೇ, ಒಂದೇ ವಿಷಯಕ್ಕೆ ತೀವ್ರವಾಗಿ ಅಂಟಿಕೊಳ್ಳುತ್ತಿದ್ದನೇ, ದಿನಚರಿ ಸ್ವಲ್ಪ ಬದಲಾದರೂ ರಂಪ ಮಾಡುತ್ತಿದ್ದನೇ, ಕುಕ್ಕರಿನ ಶಿಳ್ಳೆ, ಮದುವೆಯ ಬ್ಯಾಂಡ್ ಇವುಗಳನ್ನು ಸಹಿಸಲಾರದೆ ಕಿವಿ ಮುಚ್ಚುತ್ತಿದ್ದನೇ, ಉಣ್ಣೆಯ ಬಟ್ಟೆ ಮೈಗೆ ತಾಗಿದರೆ ಸಹಿಸದೆ ಕಿತ್ತೆಸೆಯುತ್ತಿದ್ದನೇ? ಜಾತ್ರೆಗೆ ಬಾರದಿರುವುದಕ್ಕೆ ಜನ ಬೇಡವಾದದ್ದು ಕಾರಣವೋ, ಡೊಳ್ಳು, ಧ್ವನಿವರ್ಧಕಗಳ ಸದ್ದು ತಡೆಯಲಾಗದಿರುವುದು ಕಾರಣವೋ ಎಂದು ಕೇಳಿದರೂ ಸಾಕಷ್ಟು ತಿಳಿಯುತ್ತದೆ. ಆಟಿಸಂನಲ್ಲಿ ಅನೇಕರಿಗೆ ಜನ ಬೇಕಿರುತ್ತಾರೆ, ಅವರೊಂದಿಗೆ ಬೆರೆಯುವ ರೀತಿ ಕೈಗೆ ಹತ್ತುವುದಿಲ್ಲ. ಆಟಿಸಂನಿಂದಲೇ ಎಲ್ಲವೂ ವಿವರಿಸಲ್ಪಡುವುದಾದರೆ ಸ್ಕಿಜಾಯ್ಡ್ ಎಂಬ ಹೆಸರನ್ನು ಅದರ ಮೇಲೆ ಹಚ್ಚಬಾರದು ಎಂಬುದು ಡಿಎಸ್‌ಎಂ-5ರ ನಿಯಮ; ಐಸಿಡಿ-10 ಕೂಡ ಆಸ್ಪರ್ಗರ್ ಲಕ್ಷಣಕೂಟವನ್ನು ಎಫ್ 60.1ರಿಂದ ಹೊರಗಿಡುತ್ತದೆ.

ಇವುಗಳ ಜೊತೆಗೆ ದೀರ್ಘಕಾಲದ ಖಿನ್ನತೆ, ಗಾಂಜಾ ಅಥವಾ ಮದ್ಯದ ಬಳಕೆ, ಥೈರಾಯ್ಡ್ ಕೊರತೆ, ಯಾರೂ ಗಮನಿಸದ ಕಿವುಡುತನ ಇವನ್ನೂ ಪರೀಕ್ಷಿಸಿ ತಳ್ಳಿಹಾಕಬೇಕು. ಕಾರ್ಖಾನೆಯ ಯಂತ್ರಗಳ ಸದ್ದಿನ ನಡುವೆ ದುಡಿಯುವವನ ಶ್ರವಣ ಪರೀಕ್ಷೆ ಒಂದು ಸುಲಭದ ಕೆಲಸ, ಮಾಡಿಸಿಬಿಡಿ.

ಈಗ ಹೊಸ ಪಟ್ಟಿಯ ವಿಷಯ. ಮೂರನೆಯ ವೈದ್ಯರು ಹೇಳಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿಯ ಮಟ್ಟಿಗೆ ನಿಜ. 2013ರ ಡಿಎಸ್‌ಎಂ-5 ತನ್ನ ಮುಖ್ಯ ಭಾಗದಲ್ಲಿ ಸ್ಕಿಜಾಯ್ಡ್ ವ್ಯಕ್ತಿತ್ವ ದೋಷವನ್ನು ಪ್ಯಾರನಾಯ್ಡ್ (ಅತಿಯಾದ ಶಂಕೆಯ ಪ್ರಕಾರ) ಮತ್ತು ಸ್ಕಿಜೋಟೈಪಲ್ ಜೊತೆ ಎ ಗುಂಪಿನಲ್ಲಿ ಹಾಗೆಯೇ ಉಳಿಸಿಕೊಂಡಿತು, 2022ರ ಪರಿಷ್ಕೃತ ಪಠ್ಯದಲ್ಲೂ ಅದು ಇದೆ. ಆದರೆ ಅದೇ ಪುಸ್ತಕದ ಮೂರನೆಯ ಭಾಗದಲ್ಲಿ ಮುಂದಿಟ್ಟ ಪರ್ಯಾಯ ಮಾದರಿ ವ್ಯಕ್ತಿತ್ವ ದೋಷದ ಹತ್ತು ಪ್ರಕಾರಗಳಲ್ಲಿ ಆರನ್ನು ಮಾತ್ರ ಇಟ್ಟುಕೊಂಡು ಸ್ಕಿಜಾಯ್ಡ್ ಸೇರಿ ನಾಲ್ಕನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ದೂರ ಹೋಯಿತು. 2019ರ ಮೇ ತಿಂಗಳಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಹಳೆಯ ಪ್ರಕಾರಗಳನ್ನು ಬಹುಮಟ್ಟಿಗೆ ತೆಗೆದುಹಾಕಿದೆ. ಅದರಲ್ಲಿ ವೈದ್ಯರು ಮೊದಲು ಕೇಳಬೇಕಾದ ಪ್ರಶ್ನೆ ವ್ಯಕ್ತಿತ್ವ ದೋಷ ಇದೆಯೇ, ಇದ್ದರೆ ಎಷ್ಟು ತೀವ್ರ ಎಂಬುದು: ತನ್ನ ಬಗೆಗಿನ ಅರಿವಿನಲ್ಲಿ ಅಥವಾ ಇತರರೊಂದಿಗಿನ ಸಂಬಂಧದಲ್ಲಿ ಎರಡು ವರ್ಷ ಅಥವಾ ಹೆಚ್ಚು ಕಾಲದಿಂದ ತೊಡಕಿದೆಯೇ, ಅದು ಸೌಮ್ಯವೇ, ಮಧ್ಯಮವೇ, ತೀವ್ರವೇ ಎಂದು ನೋಡಿ 6ಡಿ10 ಎಂಬ ಸಂಕೇತದಡಿ ದಾಖಲಿಸುತ್ತಾರೆ. ಆಮೇಲೆ ಬೇಕಾದರೆ ಐದು ಗುಣಲಕ್ಷಣ ಕ್ಷೇತ್ರಗಳಲ್ಲಿ ಯಾವುದು ಎದ್ದು ಕಾಣುತ್ತದೆ ಎಂದು ಸೇರಿಸುತ್ತಾರೆ. ಅವುಗಳಲ್ಲಿ ಒಂದಾದ, 6ಡಿ11.1 ಎಂಬ ಸಂಕೇತದ ನಿರ್ಲಿಪ್ತತೆಯೊಳಗೆ ಸಾಮಾಜಿಕವಾಗಿ ದೂರವಿರುವುದು, ಭಾವನಾತ್ಮಕವಾಗಿ ದೂರವಿರುವುದು ಎರಡೂ ಬರುತ್ತವೆ. ಹಳೆಯ ಎಫ್ 60.1 ಹೆಚ್ಚಾಗಿ ಇಲ್ಲಿಗೆ ಬಂದು ಸೇರಿದೆ. ದೋಷದ ಮಟ್ಟ ಮುಟ್ಟದ, ಕೆಲವು ಸಂದರ್ಭಗಳಲ್ಲಿ ಮಾತ್ರ ತೊಡಕು ತರುವ ಸ್ವಭಾವಕ್ಕೆ ಐಸಿಡಿ-11ರಲ್ಲಿ "ವ್ಯಕ್ತಿತ್ವದ ತೊಡಕು" ಎಂಬ ಬೇರೆಯೇ ಸಂಕೇತವಿದೆ, ಅದನ್ನು ಕಾಯಿಲೆ ಎಂದು ಎಣಿಸುವುದಿಲ್ಲ. ಸ್ಕಿಜೋಟೈಪಲ್ ಅನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಐಸಿಡಿ-10ರಲ್ಲೂ ಐಸಿಡಿ-11ರಲ್ಲೂ ಸ್ಕಿಜೋಫ್ರೇನಿಯಾದ ಬಳಗದಲ್ಲೇ ಇಟ್ಟಿದೆ.

ಹಳೆಯ ಪ್ರಕಾರಗಳನ್ನು ಕೈಬಿಡಲು ಕಾರಣಗಳಿದ್ದವು. ಒಬ್ಬನಲ್ಲೇ ಎರಡು, ಮೂರು ಪ್ರಕಾರಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತಿದ್ದವು. ಏಳರಲ್ಲಿ ಮೂರು ಇದ್ದವನು ಆರೋಗ್ಯವಂತ, ನಾಲ್ಕು ಇದ್ದವನು ರೋಗಿ ಎಂಬ ಗೆರೆಗೆ ಗಟ್ಟಿಯಾದ ಆಧಾರವಿರಲಿಲ್ಲ. ಅಳೆಯುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತಿತ್ತು. ಅಮೆರಿಕದಲ್ಲೇ 2001–02ರ ದೊಡ್ಡ ಸಮೀಕ್ಷೆಯೊಂದು ಸ್ಕಿಜಾಯ್ಡ್ ವ್ಯಕ್ತಿತ್ವ ದೋಷವನ್ನು ಶೇ 3.1 ಎಂದರೆ ಇನ್ನೊಂದು ಶೇ 4.9 ಎಂದಿತು. ಆಸ್ಪತ್ರೆಗೆ ಬರುವವರಲ್ಲಿ ಇದು ಅಪರೂಪ, ಏಕೆಂದರೆ ಇವರು ತಾವಾಗಿ ಬರುವುದಿಲ್ಲ. ನಿಮ್ಮ ತಮ್ಮನಂತೆ ಮದುವೆಯ ಮಾತು ಎದ್ದಾಗ ಮನೆಯವರು ಕರೆತರುತ್ತಾರೆ. ತೀವ್ರತೆಯನ್ನು ಮೊದಲು ಕೇಳುವ ಹೊಸ ಕ್ರಮ ನಿಮ್ಮಂಥ ಕುಟುಂಬಗಳಿಗೆ ಒಳ್ಳೆಯದನ್ನೇ ಮಾಡುತ್ತದೆ ಎಂದು ನನ್ನ ಅಭಿಪ್ರಾಯ. ದುಡಿದು ಬದುಕುತ್ತಿರುವವನ ಸ್ವಭಾವಕ್ಕೆ ಒಂದು ದೊಡ್ಡ ಹೆಸರು ಅಂಟುವ ಮೊದಲು, ಅವನ ಬದುಕು ಎಲ್ಲಿ ಕುಂಟುತ್ತಿದೆ ಎಂದು ತೋರಿಸಿ ಎಂದು ಅದು ವೈದ್ಯರನ್ನು ಕೇಳುತ್ತದೆ. ಆದರೆ ಒಂದು ನಷ್ಟವೂ ಆಗಿದೆ. ಕಲ್ಪನೆ, ಅಂತರಾವಲೋಕನೆಗಳ ಒಳಬದುಕು ಐಸಿಡಿ-10ರ ಪಟ್ಟಿಯಲ್ಲಿತ್ತು. ನಿರ್ಲಿಪ್ತತೆ ಎಂಬ ಒಂದೇ ಕ್ಷೇತ್ರದಲ್ಲಿ ಅದಕ್ಕೆ ಜಾಗ ಉಳಿದಿಲ್ಲ. ಇಂಥವರೊಂದಿಗೆ ಬಹುಕಾಲ ಮಾತನಾಡಿದ ಯಾವ ವೈದ್ಯನಿಗೂ ಅಲ್ಲಿ ಒಂದು ತುಂಬಿದ ಲೋಕವಿರುತ್ತದೆ ಎಂಬುದು ಗೊತ್ತು.

ಸರಿಯಾದ ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಪದೇ ಪದೇ ಕಾಣುವ ದೃಶ್ಯ ಹೀಗಿರುತ್ತದೆ: ಮೇಜಿನ ಎದುರಿನ ಸ್ಟೂಲಿನ ಮೇಲೆ ಅವನು, ಅವನ ಹಿಂದೆ ಅವ್ವ, ಅಣ್ಣ, ಕಾಕಾ, ಮಾವ ನಿಂತಿರುತ್ತಾರೆ. ಊಟ ಆಗುತ್ತದೆಯೇ ಎಂದು ಅವನನ್ನು ಕೇಳಿದರೆ ಅವ್ವ ಉತ್ತರಿಸುತ್ತಾಳೆ, ನಿದ್ದೆಯ ಬಗ್ಗೆ ಕೇಳಿದರೆ ಕಾಕಾ ಹೇಳುತ್ತಾರೆ, ಗೆಳೆಯರಿದ್ದಾರೆಯೇ ಎಂದರೆ ಎಲ್ಲರೂ ಒಟ್ಟಿಗೆ ಇಲ್ಲ ಎನ್ನುತ್ತಾರೆ. ಅವನು ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಿರುತ್ತಾನೆ. ಇಂಥ ಗುಂಪಿನ ನಡುವೆ ಮುಖದಲ್ಲಿ ಭಾವವಿಲ್ಲ ಎಂದು ಬರೆದುಕೊಳ್ಳುವುದಕ್ಕೆ ಯಾವ ಬೆಲೆಯೂ ಇಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಅವನ ಕೆಲಸದ ವಿವರ ಕೇಳಿ, ಮೌನವನ್ನು ಅವಸರದಿಂದ ತುಂಬದೆ ಕಾದರೆ ಅದೇ ವ್ಯಕ್ತಿ ಬೇರೆ ರೀತಿ ಮಾತನಾಡುವುದನ್ನು ಕಾಣಬಹುದು. ಎರಡು, ಮೂರು ಭೇಟಿಗಳು ಬೇಕಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ವ್ಯಕ್ತಿತ್ವ ದೋಷ ಪರೀಕ್ಷೆ ಎಂಬ ಸಂದರ್ಶನ ವಿಧಾನವನ್ನು 11 ದೇಶಗಳ 14 ಕೇಂದ್ರಗಳಲ್ಲಿ ಪ್ರಯೋಗಿಸಿ ನೋಡಲಾಯಿತು, ಅವುಗಳಲ್ಲಿ ಬೆಂಗಳೂರೂ ಒಂದು. ಆ ವಿಧಾನದಲ್ಲಿ ಒಂದು ಲಕ್ಷಣ ಕನಿಷ್ಠ ಐದು ವರ್ಷದಿಂದ ಇದ್ದರೆ ಮಾತ್ರ ಎಣಿಕೆಗೆ ಬರುತ್ತದೆ, ಮತ್ತು ಆ ಪ್ರಕಾರದ ಒಂದು ಲಕ್ಷಣವಾದರೂ 25 ವರ್ಷಕ್ಕಿಂತ ಮೊದಲೇ ಕಾಣಿಸಿಕೊಂಡಿರಬೇಕು. ಕಾಲದ ಪ್ರಶ್ನೆಗೆ ಎಷ್ಟು ತೂಕವಿದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಮೊಬೈಲಿನಲ್ಲಿ ಸಿಗುವ ಪ್ರಶ್ನಾವಳಿಗಳ ಅಂಕವನ್ನು ರೋಗನಿರ್ಣಯ ಎಂದು ತೆಗೆದುಕೊಳ್ಳಬೇಡಿ.

ಮುಂದಿನ ಭೇಟಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಅವನ ಬದುಕನ್ನು ವಯಸ್ಸಿನ ಪ್ರಕಾರ ಬರೆದಿಡಿ: ಐದು ವರ್ಷದವರೆಗೆ, ಶಾಲೆಯಲ್ಲಿ, ಡಿಪ್ಲೊಮಾ ಕಾಲದಲ್ಲಿ, ಕೆಲಸ ಸೇರಿದಾಗ, ಕಳೆದ ಎರಡು ವರ್ಷದಲ್ಲಿ ಹೇಗಿದ್ದ, ಎಲ್ಲಿಯಾದರೂ ತಟ್ಟನೆ ಬದಲಾವಣೆ ಕಂಡಿತೇ ಎಂದು. ಮೂರೂ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ವಿವರವಾದ ಮನಶ್ಶಾಸ್ತ್ರೀಯ ಪರೀಕ್ಷೆ ಬೇಕೆಂದರೆ ಧಾರವಾಡದ ಡಿಮ್ಹಾನ್ಸ್ ನಿಮಗೆ ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ. 2022ರ ಅಕ್ಟೋಬರ್ 10ರಂದು ಶುರುವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ, ಅಂದರೆ 14416 ಸಂಖ್ಯೆಗೆ, ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಆಡಿದರೆ, ಊಟ ನಿದ್ದೆ ಬಿಟ್ಟರೆ, ಯಾರೋ ಮಾತನಾಡುವುದು ಕೇಳಿಸುತ್ತದೆ ಎಂದರೆ, ಇದ್ದಕ್ಕಿದ್ದಂತೆ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದರೆ ಭೇಟಿಯ ದಿನಕ್ಕೆ ಕಾಯದೆ ಕೂಡಲೇ ತೋರಿಸಿ. ಅವನಿಗೇ ಸಂಕಟವಿದ್ದರೆ ಮಾತಿನ ಚಿಕಿತ್ಸೆ ನಿಧಾನವಾಗಿ ನೆರವಾಗಬಲ್ಲದು. ಜೊತೆಗೆ ಖಿನ್ನತೆ ಇದ್ದರೆ ಅದಕ್ಕೆ ಒಳ್ಳೆಯ ಔಷಧಿಗಳಿವೆ. ಜಾತ್ರೆಗೆ ಎಳೆದೊಯ್ಯುವುದು, ನೆಂಟರ ನಡುವೆ ಕೂಡಿಸಿ ಮಾತನಾಡಿಸುವುದು ಚಿಕಿತ್ಸೆಯಾಗುವುದಿಲ್ಲ, ಅವನು ಇನ್ನಷ್ಟು ದೂರ ಸರಿಯುತ್ತಾನೆ.

ಮದುವೆಯ ವಿಷಯದಲ್ಲಿ ನನ್ನ ಮಾತು ನೇರವಾಗಿದೆ. ಮೇಲಿನ ಮೂರು ಸ್ಥಿತಿಗಳಲ್ಲಿ ಯಾವುದೂ ಮದುವೆಯಿಂದ ವಾಸಿಯಾಗುವುದಿಲ್ಲ, ಮತ್ತು ಸೋದರಮಾವನ ಮಗಳು ಯಾರ ಚಿಕಿತ್ಸೆಯೂ ಅಲ್ಲ. ಆಪ್ತ ಸಂಬಂಧದ ಬಯಕೆ ಇಲ್ಲದಿರುವುದೇ ಲಕ್ಷಣವಾಗಿರುವ ಸ್ಥಿತಿಯಲ್ಲಿ, ಆ ಬಯಕೆ ಇದೆಯೋ ಇಲ್ಲವೋ ಎಂದು ಕೇಳದೆ ಸಂಬಂಧವನ್ನು ಕಟ್ಟುವುದು ಇಬ್ಬರಿಗೂ ಅನ್ಯಾಯ. ಇಂಥ ಸ್ವಭಾವದ ಕೆಲವರು ತಾವೇ ಬಯಸಿ ಮದುವೆಯಾಗಿ, ತಮ್ಮ ಏಕಾಂತಕ್ಕೆ ಜಾಗ ಉಳಿಸಿಕೊಂಡು ನೆಮ್ಮದಿಯಿಂದ ಬಾಳುವುದೂ ಇದೆ, ಆದ್ದರಿಂದ ಮದುವೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನೀವು ಅಕ್ಕ, ಮನೆಯಲ್ಲಿ ಅವನು ಯಾರಿಗಾದರೂ ಎರಡು ಮಾತು ಹೇಳುವುದಾದರೆ ನಿಮಗೇ ಹೇಳಿಯಾನು. ಅವನಿಗೆ ಮದುವೆ ಬೇಕೇ ಎಂದು, ಯಾರೂ ಇಲ್ಲದ ಹೊತ್ತಿನಲ್ಲಿ, ಉತ್ತರಕ್ಕೆ ಅವಸರ ಮಾಡದೆ ಕೇಳಿ. ಬೇಕು ಎಂದರೆ, ಅವನ ಒಪ್ಪಿಗೆಯಿಂದ, ಆ ಹುಡುಗಿಗೂ ವೈದ್ಯರು ಹೇಳಿದ್ದೆಲ್ಲ ತಿಳಿಯಲಿ, ಅವಳಿಗೆ ಮನಸ್ಸಿದೆಯೇ ಎಂದು ಅವಳ ಬಾಯಿಂದಲೇ ಬರಲಿ. ಈ ಎರಡು ಉತ್ತರಗಳು ಸಿಗುವವರೆಗೆ ಸೋದರಮಾವನಿಗೆ ಮಾತು ಕೊಡದಂತೆ ಅವ್ವನಿಗೆ ಹೇಳಿ.